ಸೊಂಟನೋವು ಇಟ್ಟುಕೊಂಡೇ ಪ್ಯಾಡಲ್ ಬೋರ್ಡ್ ಮೇಲೆ ನಿಂತೆ: ನನ್ನ ಅನುಭವ

ಪ್ಯಾಡಲ್ ಬೋರ್ಡ್ ಅಂದರೆ ನೀರಿನ ಮೇಲೆ ತೇಲುವ ಉದ್ದನೆಯ ಹಲಗೆ, ಅದರ ಮೇಲೆ ನಿಂತು ಹುಟ್ಟು ಹಾಕುತ್ತಾ ಹೋಗೋದು. ಮೊದಲ ದಿನ ನಾನು ನೀರಿನ ಮೇಲೆ ಇದ್ದಿದ್ದು 40 ನಿಮಿಷ. ಒಂದು ಸಲವೂ ಬೀಳಲಿಲ್ಲ. ದಡಕ್ಕೆ ಬಂದಾಗ ಎಷ್ಟು ಖುಷಿಯಾಗಿತ್ತೆಂದರೆ, ನನಗೆ ಸೊಂಟನೋವಿದೆ ಅನ್ನೋದೇ ಮರೆತುಹೋಗಿತ್ತು. ಮಾರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳೋಕೆ ಆಗಲಿಲ್ಲ. ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಮಂಚದ ಅಂಚು ಹಿಡಿದು ಎದ್ದು ಕೂರೋಕೆ ಐದು ನಿಮಿಷ ಬೇಕಾಯಿತು.

ಅವತ್ತೇ ಇದನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಈಗ ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಹೋಗುತ್ತೇನೆ. ಒಂದು ಗಂಟೆ ನಿಂತು ಹುಟ್ಟು ಹಾಕಿ ಬಂದರೂ ಮಾರನೇ ದಿನ ಸಲೀಸಾಗಿ ಏಳುತ್ತೇನೆ. ಸೊಂಟನೋವು ಪೂರ್ತಿ ಹೋಗಿದೆ ಅಂತ ಹೇಳೋದಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತರೆ ಇವತ್ತಿಗೂ ಬರುತ್ತದೆ. ಆದರೆ ಬೋರ್ಡಿನಿಂದ ಬರೋದು ನಿಂತಿದೆ.

ನನ್ನ ನೋವು ಯಾವ ಥರದ್ದು ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಎಲ್ಲರ ಸೊಂಟನೋವೂ ಒಂದೇ ಅಲ್ಲ. ನನ್ನದು ನಾಲ್ಕು ವರ್ಷದ ಹಳೇ ನೋವು. ಎಂಆರ್‌ಐನಲ್ಲಿ ಎಲ್4-ಎಲ್5 ಹತ್ತಿರ, ಅಂದರೆ ಬೆನ್ನುಮೂಳೆಯ ಕೆಳಭಾಗದಲ್ಲಿ, ಡಿಸ್ಕ್ (ಎರಡು ಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿದೆ ಅಂತ ಬಂದಿತ್ತು. ಆ ರಿಪೋರ್ಟ್ ನೋಡಿ ತುಂಬಾ ಹೆದರಿದ್ದೆ. ಆಮೇಲೆ ಗೊತ್ತಾಯಿತು, ಯಾವ ನೋವೂ ಇಲ್ಲದವರ ಸ್ಕ್ಯಾನ್‌ನಲ್ಲೂ ಇಂಥ ಉಬ್ಬು ಕಾಣುತ್ತದೆ, ವಯಸ್ಸಾದಂತೆ ಜಾಸ್ತಿ ಜನರಲ್ಲಿ ಕಾಣುತ್ತದೆ. ಬಗ್ಗಿದರೆ, ಬಗ್ಗಿ ಭಾರ ಎತ್ತಿದರೆ, ಜಾಸ್ತಿ ಹೊತ್ತು ಕೂತರೆ ನನಗೆ ನೋವು. ನಡೆದರೆ ಆರಾಮ. ಕೆಲವರಿಗೆ ಇದು ಪೂರ್ತಿ ಉಲ್ಟಾ ಇರುತ್ತದೆ: ನಿಂತರೆ ನೋವು, ಸ್ವಲ್ಪ ಮುಂದಕ್ಕೆ ಬಗ್ಗಿ ಕೂತರೆ ಹಾಯಿ. ಅಂಥವರು ನಾನು ಮಾಡಿದ್ದನ್ನು ಹಾಗೇ ಮಾಡೋಕೆ ಹೋಗಬೇಡಿ. ಬೋರ್ಡಿಗೆ ಸೀಟು ಕಟ್ಟಿಕೊಂಡು ಕೂತೇ ಹುಟ್ಟು ಹಾಕೋದು ಅವರಿಗೆ ಹಿಡಿಸಬಹುದು.

ಇನ್ನೊಂದು ಮಾತು. ಕಾಲಲ್ಲಿ ಶಕ್ತಿ ಕಡಿಮೆಯಾಗುತ್ತಿದ್ದರೆ, ತೊಡೆಗಳ ನಡುವೆ ಸ್ಪರ್ಶ ತಿಳಿಯದಂತಾದರೆ, ಮೂತ್ರ ಅಥವಾ ಮಲ ಹಿಡಿತಕ್ಕೆ ಸಿಗದಿದ್ದರೆ, ನೋವಿನ ಜೊತೆ ಜ್ವರ ಇದ್ದರೆ, ಇದನ್ನೆಲ್ಲ ಓದುತ್ತಾ ಕೂರಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ.

ಆ ಮೊದಲ ದಿನದ ನಂತರ ನನ್ನ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೂಲೆಯಲ್ಲಿದ್ದ ಒಂದು ಕೋಲು ತಂದು ಕೈಗೆ ಕೊಟ್ಟು, "ಬೋರ್ಡ್ ಮೇಲೆ ಹೇಗೆ ನಿಂತಿದ್ರಿ, ಹೇಗೆ ಹುಟ್ಟು ಹಾಕಿದ್ರಿ, ತೋರಿಸಿ" ಅಂದರು. ತೋರಿಸಿದೆ. ನಾಲ್ಕು ಸಲ ನೋಡಿ ಅಂದರು: "ನೀವು ಸೊಂಟದಿಂದ ಬಗ್ಗುತ್ತಿದ್ದೀರಿ." ನಾನು ಅಂದೆ, "ಮತ್ತೆ? ಕಲಿಸಿದವರು ಸೊಂಟದಿಂದಲೇ ಬಗ್ಗಿ ಅಂದಿದ್ದರಲ್ಲ."

ಅಲ್ಲೇ ಎಡವಟ್ಟಾಗಿದ್ದು. ನಾವು ಕನ್ನಡದಲ್ಲಿ ಸೊಂಟ ಅಂದರೆ ಎಷ್ಟೊಂದು ಜಾಗಕ್ಕೆ ಅನ್ನುತ್ತೇವೆ ನೋಡಿ. ಬೆಲ್ಟ್ ಕಟ್ಟೋ ಜಾಗವೂ ಸೊಂಟ, ಬೆನ್ನಿನ ಕೆಳಗೆ ನೋಯುವ ಜಾಗವೂ ಸೊಂಟ, ಪಕ್ಕದಲ್ಲಿ ಕೈ ಇಟ್ಟರೆ ಸಿಗೋ ಮೂಳೆಯೂ ಸೊಂಟ. ಕಲಿಸಿದವರು ಹೇಳಿದ್ದು 'ಹಿಪ್' ಅನ್ನೋ ಅರ್ಥದಲ್ಲಿ, ಅಂದರೆ ತೊಡೆ ಮೈಗೆ ಸೇರುವ ಕೀಲು. ನಾನು ಬಗ್ಗಿಸಿದ್ದು ಬೆನ್ನಿನ ಕೆಳಭಾಗವನ್ನು, ಅಂದರೆ ಯಾವ ಜಾಗ ನೋಯುತ್ತಿತ್ತೋ ಅದನ್ನೇ. 40 ನಿಮಿಷದಲ್ಲಿ ನೂರಾರು ಸಲ.

"ತೊಡೆಸಂದಿನಿಂದ ಬಗ್ಗಿ" ಅಂದರು ಅವರು. ಕೋಲನ್ನು ನನ್ನ ಬೆನ್ನಿಗೆ ಉದ್ದಕ್ಕೆ ಒತ್ತಿ ಹಿಡಿದರು. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ, ಈ ಮೂರೂ ಕೋಲಿಗೆ ತಾಗಿರಬೇಕು. ಮೊಣಕಾಲು ಸ್ವಲ್ಪ ಸಡಿಲ ಬಿಟ್ಟು, ಕುಂಡಿಯನ್ನು ಹಿಂದಕ್ಕೆ ತಳ್ಳುತ್ತಾ ಮುಂದಕ್ಕೆ ಬಾಗಬೇಕು. ಮೂರರಲ್ಲಿ ಒಂದು ಕೋಲಿನಿಂದ ಬಿಟ್ಟುಕೊಂಡರೂ ಬೆನ್ನು ಬಗ್ಗಿದೆ ಅಂತ ಅರ್ಥ. ಮೊದಲ ವಾರ ನನಗೆ ಹತ್ತರಲ್ಲಿ ಎರಡು ಸಲ ಸರಿಯಾಗಿ ಬರುತ್ತಿತ್ತು, ಅಷ್ಟೇ. ಮೂರು ವಾರ ನೀರಿಗೆ ಹೋಗದೆ ಮನೆಯಲ್ಲಿ ಇದೊಂದನ್ನೇ ಮಾಡಿದೆ, ದಿನಕ್ಕೆ ಎರಡು ಹೊತ್ತು, ಹದಿನೈದು ಹದಿನೈದು ಸಲ. ಜೊತೆಗೆ ಮೂರು ವ್ಯಾಯಾಮ ಕೊಟ್ಟರು: ಕರ್ಲ್ ಅಪ್ (ಅಂಗಾತ ಮಲಗಿ ತಲೆ-ಭುಜ ಸ್ವಲ್ಪ ಎತ್ತೋದು), ಸೈಡ್ ಪ್ಲ್ಯಾಂಕ್ (ಮಗ್ಗುಲಾಗಿ ಮೊಣಕೈ ಮೇಲೆ ಮೈ ಎತ್ತಿ ಹಿಡಿಯೋದು), ಬರ್ಡ್ ಡಾಗ್ (ಕೈ-ಮೊಣಕಾಲೂರಿ ಒಂದು ಕೈ, ಎದುರು ಕಡೆಯ ಕಾಲು ಚಾಚೋದು). ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಬಗ್ಗೆ ಕೆಲಸ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಆರಿಸಿಕೊಟ್ಟ ಮೂರು ಇವು. ಬೆನ್ನನ್ನು ಬಗ್ಗಿಸದೆ, ಸುತ್ತಲಿನ ಸ್ನಾಯುಗಳಿಗೆ ಗಟ್ಟಿಯಾಗಿ ಹಿಡಿದು ನಿಲ್ಲೋದನ್ನು ಕಲಿಸುತ್ತವೆ. ಒಂದೊಂದು ಸಲವೂ 10 ಸೆಕೆಂಡ್ ಹಿಡಿದು ಬಿಡೋದು. ಬೋರ್ಡ್ ಮೇಲೆ ಬೆನ್ನು ಮಾಡಬೇಕಾದ ಕೆಲಸವೂ ಇದೇ ಅಲ್ವಾ, ಅದಕ್ಕೇ ನನಗೆ ಈ ಮೂರೂ ಇಷ್ಟ.

ಮತ್ತೆ ನೀರಿಗಿಳಿದಾಗ ಮೊದಲು ಹುಟ್ಟನ್ನು ಸರಿಮಾಡಿಕೊಂಡೆ. ನನ್ನ ಎತ್ತರ 168 ಸೆಂಟಿಮೀಟರ್. ಹುಟ್ಟು ನಮ್ಮ ಎತ್ತರಕ್ಕಿಂತ ಸುಮಾರು 20ರಿಂದ 25 ಸೆಂಟಿಮೀಟರ್ ಉದ್ದ ಇರಬೇಕು. ಮೊದಲ ದಿನ ಬಾಡಿಗೆಗೆ ಸಿಕ್ಕಿದ್ದು 175ಕ್ಕೆ ಹೊಂದಿಸಿದ್ದು, ನಾನು ನೋಡದೆ ಹಾಗೇ ತಗೊಂಡು ಹೋಗಿದ್ದೆ. ಹುಟ್ಟು ಗಿಡ್ಡ ಇದ್ದರೆ ಅದರ ಎಲೆ (ತುದಿಯ ಅಗಲ ಭಾಗ) ನೀರಿಗೆ ಮುಟ್ಟೋಕೆ ಬೆನ್ನೇ ಬಗ್ಗಬೇಕು, ಬೇರೆ ದಾರಿ ಇಲ್ಲ. ಈಗ 190ಕ್ಕೆ ಇಡುತ್ತೇನೆ. ಅಳತೆಪಟ್ಟಿ ಇಲ್ಲದಿದ್ದರೆ ಹುಟ್ಟನ್ನು ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ಕೈ ಮೇಲೆತ್ತಿ, ಮಣಿಕಟ್ಟು ಬಗ್ಗಿಸಿ ಹಿಡಿಕೆ ಮೇಲೆ ಅಂಗೈ ಇಟ್ಟುನೋಡಿ. ಅಲ್ಲಿಗೆ ಸರಿಯಾಗಿ ಬಂದರೆ ಸಾಕು. ಎಲೆಯ ದಿಕ್ಕೂ ಮುಖ್ಯ. ಅದು ಸ್ವಲ್ಪ ಓರೆಯಾಗಿರುತ್ತದಲ್ಲ, ಆ ಓರೆ ಮುಂದಕ್ಕೆ, ಬೋರ್ಡಿನ ಮೂತಿಯ ಕಡೆಗೆ ಇರಬೇಕು. ಸೌಟಿನ ಹಾಗೆ ನೀರು ಬಾಚಬೇಕು ಅಂದುಕೊಂಡು ಬಹಳ ಜನ ಉಲ್ಟಾ ಹಿಡಿಯುತ್ತಾರೆ. ನಾನೂ ಹಾಗೇ ಹಿಡಿದಿದ್ದೆ.

ಎಳೆಯುವ ಬಗೆ ಬದಲಾಯಿಸಿಕೊಳ್ಳೋಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯಿತು. ಜಾಸ್ತಿ ಲಾಭವೂ ಅದರಿಂದಲೇ ಆಯಿತು. ಮೊದಲೆಲ್ಲ ಹುಟ್ಟನ್ನು ನನ್ನ ಹಿಂದೆ ತುಂಬಾ ದೂರದವರೆಗೆ ಎಳೆಯುತ್ತಿದ್ದೆ, ಜಾಸ್ತಿ ಎಳೆದಷ್ಟೂ ಜಾಸ್ತಿ ಮುಂದೆ ಹೋಗುತ್ತೇನೆ ಅಂತ. ನಿಜ ಹಾಗಿಲ್ಲ. ಹುಟ್ಟು ಪಾದ ದಾಟಿ ಹಿಂದೆ ಹೋದಮೇಲೆ ಅದು ನೀರನ್ನು ಮೇಲಕ್ಕೆ ಎತ್ತುತ್ತದೆ. ಬೋರ್ಡಿನ ಬಾಲ ಕೆಳಗೆ ಹೋಗುತ್ತದೆ, ವೇಗ ಸಿಗೋದಿಲ್ಲ, ಬೆನ್ನು ಮಾತ್ರ ತಿರುಚಿ ಬಗ್ಗಿಕೊಳ್ಳುತ್ತದೆ. ಈಗ ಎಲೆಯನ್ನು ಮುಂದೆ, ಕಾಲ್ಬೆರಳುಗಳಿಂದ ಎರಡಡಿ ಆಚೆ, ಪೂರ್ತಿ ಮುಳುಗುವ ಹಾಗೆ ಇಳಿಸುತ್ತೇನೆ. ಪಾದದ ಹತ್ತಿರ ಬರುತ್ತಿದ್ದ ಹಾಗೆ ಪಕ್ಕಕ್ಕೆ ತೆಗೆದುಬಿಡುತ್ತೇನೆ. ಎಳೆತ ಗಿಡ್ಡ. ಮೇಲಿನ ಕೈ ಕೆಳಕ್ಕೆ ಒತ್ತುತ್ತದೆ, ಎದೆ ಮತ್ತು ಭುಜ ತಿರುಗುತ್ತವೆ, ಸೊಂಟನೋವಿನ ಜಾಗ ಸುಮ್ನೆ ಇರುತ್ತದೆ. ಹುಟ್ಟನ್ನು ನೀರಲ್ಲಿ ನೆಟ್ಟು ನಮ್ಮನ್ನು ಅದರ ಕಡೆಗೆ ಎಳೆದುಕೊಳ್ಳುತ್ತಿದ್ದೇವೆ ಅಂದುಕೊಂಡರೆ ಇದು ಬೇಗ ಬರುತ್ತದೆ.

ಒಂದೇ ಕಡೆ ಜಾಸ್ತಿ ಹೊತ್ತು ಹಾಕಬೇಡಿ. ನಾನು ಆರು ಎಳೆತಕ್ಕೊಮ್ಮೆ ಕಡೆ ಬದಲಾಯಿಸುತ್ತೇನೆ, ಎಣಿಸಿಕೊಂಡು. ಬಲಗೈಯವನಾದ ನನಗೆ ಎಡಗಡೆ ಹಾಕುವಾಗ ಈಗಲೂ ಅಷ್ಟು ಸರಾಗ ಇಲ್ಲ, ಆದರೂ ಬಿಡೋದಿಲ್ಲ.

ಕಾಲಿನ ಕಡೆಗೆ ಯಾರೂ ಗಮನ ಕೊಡೋದಿಲ್ಲ. ಹೆದರಿಕೆಗೆ ನಾವು ಕಾಲ್ಬೆರಳಿನಿಂದ ಬೋರ್ಡನ್ನು ಕಚ್ಚಿ ಹಿಡಿಯುತ್ತೇವೆ, ಮೊಣಕಾಲನ್ನು ಬಿಗಿದು ನೆಟ್ಟಗೆ ನಿಲ್ಲಿಸುತ್ತೇವೆ. ಆಗ ಬೋರ್ಡಿನ ಪ್ರತಿಯೊಂದು ಅಲುಗಾಟವೂ ಕಾಲಿನಲ್ಲಿ ತಡೆಯದೆ ಸೀದಾ ಸೊಂಟಕ್ಕೆ ಹೋಗುತ್ತದೆ. ಮೊಣಕಾಲು ಸಡಿಲ ಇದ್ದರೆ ಅಲುಗಾಟ ಅಲ್ಲೇ ಮುಗಿಯುತ್ತದೆ. ಪಾದ ಎರಡೂ ಸಮಾನಾಂತರ, ಬೋರ್ಡಿನ ನಡುವಿನ ಹಿಡಿಕೆಯ ಅಕ್ಕಪಕ್ಕ. ಕಣ್ಣು ದೂರಕ್ಕೆ, ಪಾದದ ಕಡೆಗಲ್ಲ. ಪಾದ ನೋಡುತ್ತಾ ನಿಂತರೆ ಕತ್ತು, ಭುಜ, ಬೆನ್ನು ಎಲ್ಲಾ ಒಂದರ ಹಿಂದೆ ಒಂದು ಬಾಗುತ್ತವೆ. ಎರಡು ನಿಮಿಷಕ್ಕೊಮ್ಮೆ ನಾನು ಬೆರಳುಗಳನ್ನು ಎತ್ತಿ ಅಲುಗಾಡಿಸುತ್ತೇನೆ. ಬೆರಳು ಎತ್ತೋಕೆ ಆಗದಿದ್ದರೆ ಬಿಗಿಯಾಗಿ ನಿಂತಿದ್ದೇನೆ ಅಂತ ಅರ್ಥ. ಅಗಲದ ಬೋರ್ಡೂ ಇದಕ್ಕೆ ಸಹಾಯ ಮಾಡುತ್ತದೆ. ನನ್ನದು ಗಾಳಿ ತುಂಬುವ ಬೋರ್ಡ್, 34 ಇಂಚು ಅಗಲ. ಕಿರಿದಾದ ಬೋರ್ಡ್ ವೇಗವಾಗಿ ಹೋಗುತ್ತದೆ ನಿಜ, ಆದರೆ ಸೊಂಟನೋವಿರೋರಿಗೆ ಮೊದಲು ಬೇಕಾಗಿರೋದು ಅಲುಗಾಡದ ನೆಲೆ.

ಸಮಯದ ಲೆಕ್ಕ ಹೇಳುತ್ತೇನೆ. ಮೂರು ವಾರದ ನಂತರ ಮೊದಲ ಸಲ ಹೋದಾಗ ನಿಂತಿದ್ದು 10 ನಿಮಿಷ ಮಾತ್ರ. ಇನ್ನೂ ಇರಬೇಕು ಅನ್ನಿಸುತ್ತಿತ್ತು, ಆದರೂ ಬಂದೆ. ಮಾರನೇ ದಿನ ಬೆಳಿಗ್ಗೆ ಹೇಗಿದೆ ಅಂತ ನೋಡೋದು, ಅದೇ ನನ್ನ ಅಳತೆ. ನೋವು ಮೊದಲಿನಷ್ಟೇ ಇದ್ದರೆ ಮುಂದಿನ ಸಲ 5 ನಿಮಿಷ ಜಾಸ್ತಿ, ಏರಿದ್ದರೆ 5 ನಿಮಿಷ ಕಡಿಮೆ. ಹೀಗೆ ಒಂದು ಗಂಟೆ ಮುಟ್ಟೋಕೆ ಐದು ತಿಂಗಳಾಯಿತು. ಬೆಳಿಗ್ಗೆ ಎದ್ದ ತಕ್ಷಣ ಮಾತ್ರ ಹೋಗೋದಿಲ್ಲ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ, ಎದ್ದ ಮೊದಲ ಒಂದು ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಒಂದು ಗಂಟೆ ಓಡಾಡಿಕೊಂಡಿದ್ದು ಆಮೇಲೆ ಹೊರಡುತ್ತೇನೆ.

ಗಾಳಿ ಇದ್ದರೆ ನಾನು ನಿಲ್ಲೋದಿಲ್ಲ. ಮೊಣಕಾಲೂರಿ ಹುಟ್ಟು ಹಾಕುತ್ತೇನೆ, ಆಗ ಮೈ ಕಡಿಮೆ ಗಾಳಿ ಹಿಡಿಯುತ್ತದೆ. ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ಸುಸ್ತಾದಮೇಲೆ ಗಾಳಿಯೇ ವಾಪಸ್ ತಳ್ಳಿಕೊಂಡು ಬರುತ್ತದೆ. ದಡದಿಂದ ನೀರಿನ ಕಡೆಗೆ ಗಾಳಿ ಬೀಸುತ್ತಿದ್ದರೆ ಇಳಿಯಲೇಬೇಡಿ. ಸೊಂಟ ಹಿಡಿದುಕೊಂಡರೆ ವಾಪಸ್ ಬರೋದು ಹೇಗೆ ಅನ್ನೋದು ನಮ್ಮಂಥವರಿಗೆ ಬರೀ ಊಹೆಯ ಮಾತಲ್ಲ. ಅದಕ್ಕೇ ಲೈಫ್ ಜಾಕೆಟ್, ಲೀಶ್ (ಬೋರ್ಡನ್ನು ನಮಗೆ ಕಟ್ಟಿಡುವ ಹಗ್ಗ), ನೀರು ಹೋಗದ ಚೀಲದಲ್ಲಿ ಫೋನ್, ಮತ್ತು ಈಜಿ ಬರುವಷ್ಟು ದೂರದಲ್ಲೇ ದಡ. ಬಿದ್ದರೆ ನೀರಿಗೆ ಬೀಳಿ, ಬೋರ್ಡಿನ ಮೇಲಲ್ಲ. ತಡೆದುಕೊಳ್ಳೋಕೆ ಹೋಗಿ ಮೈ ತಿರುಚಿದರೆ ಅದರಿಂದಲೇ ಪೆಟ್ಟು. ನಾನು ತಪ್ಪುತ್ತಿದೆ ಅನ್ನಿಸಿದ ಕೂಡಲೇ ಬಿಟ್ಟುಕೊಟ್ಟು ಬೀಳುತ್ತೇನೆ. ಹತ್ತುವಾಗ ನಡುವಿನ ಹಿಡಿಕೆ ಹಿಡಿದು, ಕಾಲನ್ನು ನೀರಿನ ಮಟ್ಟಕ್ಕೆ ತಂದು, ಜೋರಾಗಿ ಒದೆಯುತ್ತಾ ಹೊಟ್ಟೆಯ ಮೇಲೆ ಜಾರಿಕೊಂಡು ಹತ್ತುತ್ತೇನೆ.

ಆಸ್ಟ್ರೇಲಿಯಾದ ಬಾಂಡ್ ವಿಶ್ವವಿದ್ಯಾಲಯದವರು ಇದಕ್ಕೆ ಹೊಸಬರಾದ ಕೆಲವರಿಗೆ 6 ವಾರ ಪ್ಯಾಡಲ್ ಬೋರ್ಡಿಂಗ್ ಮಾಡಿಸಿ ನೋಡಿದ್ದರು, 2016ರಲ್ಲಿ ಅದು ಪ್ರಕಟವಾಯಿತು. ಬೆನ್ನು, ಹೊಟ್ಟೆ, ಪಕ್ಕೆಯ ಸ್ನಾಯುಗಳ ತಾಳಿಕೆ ಹೆಚ್ಚಿದ್ದು ಕಂಡುಬಂತು. ಆದರೆ ಈ ಆಟದಲ್ಲಿ ಪೆಟ್ಟಾಗುವ ಜಾಗಗಳಲ್ಲಿ ಭುಜ ಮೊದಲು ಬಂದರೆ ಅದರ ಹಿಂದೆಯೇ ಸೊಂಟ ಬರುತ್ತದೆ ಅನ್ನೋದೂ ಅಷ್ಟೇ ನಿಜ. ಎರಡೂ ಹೇಗೆ ಸಾಧ್ಯ ಅಂತ ಈಗ ನನಗೆ ಆಶ್ಚರ್ಯ ಆಗೋದಿಲ್ಲ, ಎರಡನ್ನೂ ನನ್ನ ಮೈಯಲ್ಲೇ ನೋಡಿದ್ದೇನೆ.

ನೀರಿನಲ್ಲಿ ಇಷ್ಟೆಲ್ಲ ಸರಿಮಾಡಿಕೊಂಡಮೇಲೂ ಒಂದೊಂದು ಸಲ ನೋವು ಬರುತ್ತಿತ್ತು. ಯಾಕೆ ಅಂತ ಬಹಳ ದಿನ ತಿಳಿಯಲಿಲ್ಲ. ಕಡೆಗೆ ಒಂದು ದಿನ ಗಾಳಿ ಜೋರಾಗಿತ್ತು, ಬೋರ್ಡಿಗೆ ಗಾಳಿ ತುಂಬಿದ್ದೂ ಆಗಿತ್ತು, ನೀರಿಗಿಳಿಯದೆ ವಾಪಸ್ ಬಂದೆ. ಮಾರನೇ ದಿನ ಸೊಂಟನೋವು. ಆಗ ಹೊಳೆಯಿತು, ನೋವು ದಡದ ಮೇಲಿನ ಕೆಲಸದಿಂದ ಬರುತ್ತಿತ್ತು. ಗಾಳಿ ತುಂಬುವ ಬೋರ್ಡಿಗೆ 15 ಪಿಎಸ್‌ಐವರೆಗೆ ಒತ್ತಡ ಬೇಕು, ಕೊನೆಯ ನಾಲ್ಕೈದು ಪಿಎಸ್‌ಐಗೆ ಪಂಪಿನ ಮೇಲೆ ಮೈಭಾರ ಹಾಕಿ ಬಗ್ಗಿ ಬಗ್ಗಿ ಒತ್ತಬೇಕು. ಕಷ್ಟ ಅಂತ ಕಡಿಮೆ ತುಂಬಿದರೆ ಬೋರ್ಡ್ ನಡುವೆ ಬಾಗಿ ಜಾಸ್ತಿ ಅಲುಗಾಡುತ್ತದೆ, ಅದೂ ಸೊಂಟಕ್ಕೇ ಬರುತ್ತದೆ. ಕಾರಿನ ಬ್ಯಾಟರಿಗೆ ಸಿಕ್ಕಿಸೋ ಎಲೆಕ್ಟ್ರಿಕ್ ಪಂಪ್ ತಗೊಂಡೆ. ಈ ಎರಡು ವರ್ಷದಲ್ಲಿ ಸೊಂಟಕ್ಕೋಸ್ಕರ ಮಾಡಿದ ಖರ್ಚಿನಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಬೋರ್ಡ್ ಹತ್ತು ಕಿಲೋ ಅಷ್ಟೇ, ಆದರೆ ಹತ್ತಡಿಗೂ ಜಾಸ್ತಿ ಉದ್ದ, ಗಾಳಿ ಬಂದರೆ ತಿರುಗಿಸಿಬಿಡುತ್ತದೆ. ಯಾರಾದರೂ ಸಿಕ್ಕರೆ ಎರಡು ತುದಿ ಇಬ್ಬರು ಹಿಡಿಯುತ್ತೇವೆ. ಕೇಳೋಕೆ ಮೊದಲು ಸಂಕೋಚ ಆಗುತ್ತಿತ್ತು, ಈಗ ಇಲ್ಲ. ಒಬ್ಬನೇ ಇದ್ದರೆ ಬೋರ್ಡನ್ನು ಅಂಚಿನ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೈಗೆ ಒತ್ತಿಕೊಂಡು ಕಾಲಿನ ಬಲದಿಂದ ಏಳುತ್ತೇನೆ. ನೀರಿನಿಂದ ಬಂದಮೇಲೆ ಹತ್ತು ನಿಮಿಷ ಸುಮ್ನೆ ನಡೆದಾಡುತ್ತೇನೆ. ಆಮೇಲೆ ಗಾಳಿ ಬಿಟ್ಟು ಬೋರ್ಡ್ ಸುತ್ತೋದು. ನಿಂತು ಬಗ್ಗಿ ಸುತ್ತೋ ಅಭ್ಯಾಸ ಬಿಟ್ಟಿದ್ದೇನೆ. ಒಂದು ದಪ್ಪ ಟವೆಲ್ ಹಾಸಿ ಅದರ ಮೇಲೆ ಮೊಣಕಾಲೂರಿ, ಬೋರ್ಡಿನ ಹಿಂದೆ ಹಿಂದೆ ಮೊಣಕಾಲಲ್ಲೇ ಸರಿಯುತ್ತಾ, ನಿಧಾನಕ್ಕೆ ಸುತ್ತುತ್ತೇನೆ. ಕಾಲು ಗಂಟೆ ಹಿಡಿಯುತ್ತದೆ.