ಚಿರತೆ ಹೆಣ್ಣೋ ಗಂಡೋ? ಹಿಕ್ಕೆಯಿಂದ ಪತ್ತೆ ಹಚ್ಚಿದ ನನ್ನ ಅನುಭವ

ಕಾಡಿನಲ್ಲಿ ಚಿರತೆ ಕಣ್ಣಿಗೆ ಬೀಳುವುದೇ ಅಪರೂಪ. ಹಿಕ್ಕೆ ಮಾತ್ರ ಕಾಲುದಾರಿಯಲ್ಲೇ ಸಿಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಪಡೆದು ಬನ್ನೇರುಘಟ್ಟದ ಕಡೆಯಿಂದ ಹಿಕ್ಕೆ ತಂದು, ಬೆಂಗಳೂರಿನ ಲ್ಯಾಬಿನಲ್ಲಿ ಅದು ಹೆಣ್ಣಿನದೋ ಗಂಡಿನದೋ ಎಂದು ಹುಡುಕುವುದು ನನ್ನ ಕೆಲಸ. ಮರಿ ಹಾಕುವ ಹೆಣ್ಣುಗಳು ಎಷ್ಟಿವೆ ಎಂದು ತಿಳಿಯದೆ ಚಿರತೆಗಳ ನಾಳೆಯ ಬಗ್ಗೆ ಏನು ಹೇಳುವುದು?

ನಮಗೆ ಬೇಕಾದ ಡಿಎನ್‌ಎ ಹಿಕ್ಕೆಯ ಮೇಲ್ಪದರದಲ್ಲಿ ಜಾಸ್ತಿ. ಕರುಳಿನ ಒಳಗೋಡೆಯಿಂದ ಉದುರಿದ ಜೀವಕೋಶಗಳು ಅಲ್ಲಿ ಅಂಟಿಕೊಂಡಿರುತ್ತವೆ. ಅದನ್ನು ತೆಳ್ಳಗೆ ಕೆರೆದು ಎಥನಾಲ್‌ಗೆ ಹಾಕುತ್ತೇನೆ. ಬಿಸಿಲು, ಮಳೆ ಎರಡೂ ಡಿಎನ್‌ಎಯನ್ನು ಹಾಳುಮಾಡುತ್ತವೆ. ಹಿಕ್ಕೆ ನಾಯಿಯದ್ದೂ ಆಗಿರಬಹುದು, ಅದಕ್ಕೇ ಮೊದಲು ಮೈಟೋಕಾಂಡ್ರಿಯಾದ ಡಿಎನ್‌ಎ ನೋಡಿ ಚಿರತೆಯದ್ದೇ ಎಂದು ಖಾತ್ರಿ ಮಾಡಿಕೊಳ್ಳುತ್ತೇನೆ.

ಗಂಡಿನ ವೈ ಕ್ರೋಮೋಸೋಮಿನಲ್ಲಿ ಎಸ್‌ಆರ್‌ವೈ ಎಂಬ ಜೀನ್ ಇದೆ. ಡಿಎನ್‌ಎಯ ಬೇಕಾದ ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ನಲ್ಲಿ ಅದು ಸಿಕ್ಕಿದರೆ ಗಂಡು. ಸಿಗದಿದ್ದರೆ ಸುಮ್ನೆ ಹೆಣ್ಣು ಎಂದು ಬರೆದುಬಿಡಬಹುದಾ? ಖಂಡಿತ ಇಲ್ಲ. ಡಿಎನ್‌ಎ ಕೆಟ್ಟಿದ್ದರೂ ಬ್ಯಾಂಡ್, ಅಂದರೆ ಆ ತುಣುಕು ಜೆಲ್‌ನಲ್ಲಿ ಗೆರೆಯಾಗಿ ಕಾಣುವುದು, ಬರುವುದಿಲ್ಲ ಅಲ್ವಾ? ಉಲ್ಟಾ ತೊಂದರೆಯೂ ಇದೆ. ಯಾವ ತುಣುಕನ್ನು ನಕಲು ಮಾಡಬೇಕೆಂದು ಗುರುತಿಸುವ ಪುಟ್ಟ ಡಿಎನ್‌ಎ ಎಳೆ, ಅಂದರೆ ಪ್ರೈಮರ್, ಎಲ್ಲ ಸಸ್ತನಿಗಳಿಗೂ ಹೊಂದುವಂಥದ್ದಾದರೆ, ಚಿರತೆ ತಿಂದ ಗಂಡು ಜಿಂಕೆಯ ವೈ ಬರಬಹುದು. ಟ್ಯೂಬ್ ಹಿಡಿದ ಗಂಡಸಿನದ್ದೂ ಬರಬಹುದು.

ನಾನು ನೆಚ್ಚಿಕೊಂಡಿರುವುದು ಅಮೆಲೋಜೆನಿನ್ ಜೀನನ್ನು. ಹಲ್ಲಿನ ಎನಾಮಲ್‌ಗೆ ಸಂಬಂಧಿಸಿದ ಇದು ಎಕ್ಸ್, ವೈ ಎರಡರಲ್ಲೂ ಇದೆ. ಬೆಕ್ಕಿನ ಜಾತಿಯಲ್ಲಿ ವೈ ಮೇಲಿನ ಪ್ರತಿಯಲ್ಲಿ ಡಿಎನ್‌ಎಯ 20 ಅಕ್ಷರ ಕಡಿಮೆ. ಹೆಣ್ಣಿಗೆ ಒಂದು ಬ್ಯಾಂಡ್, ಗಂಡಿಗೆ ಎರಡು. ಏನೂ ಬರದಿದ್ದರೆ ಪರೀಕ್ಷೆಯೇ ನಡೆದಿಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವುದು ಅಗರೋಸ್ ಜೆಲ್. ಇಷ್ಟು ಸಣ್ಣ ವ್ಯತ್ಯಾಸ ತೆಳು ಜೆಲ್‌ನಲ್ಲಿ ಬಿಡಿಯಾಗಿ ಕಾಣುವುದಿಲ್ಲ. ಜೆಲ್ ಗಟ್ಟಿಯಾಗಿರಬೇಕು, ನಿಧಾನವಾಗಿ ಓಡಿಸಬೇಕು. ಪ್ರತಿ ಸಲವೂ ಲಿಂಗ ಗೊತ್ತಿರುವ ಒಂದು ಗಂಡು, ಒಂದು ಹೆಣ್ಣಿನ ಮಾದರಿ ಪಕ್ಕದಲ್ಲಿ ಓಡಲೇಬೇಕು. ಹೊರಗಿನ ಡಿಎನ್‌ಎ ಬೆರೆತಿದೆಯೇ ಎಂದು ನೋಡಲು ಬರೀ ನೀರು ಹಾಕಿದ ಟ್ಯೂಬೂ ಒಂದು ಇರಬೇಕು.

ಇಲ್ಲೂ ಅವಸರ ಸಲ್ಲದು. ಡಿಎನ್‌ಎ ತೀರಾ ಕಡಿಮೆಯಿದ್ದರೆ ಗಂಡಿನಲ್ಲೂ ಎಕ್ಸ್ ಮಾತ್ರ ಬಂದು, ವೈ ಜಾರಿಹೋಗುತ್ತದೆ. ಅದಕ್ಕೆ ಒಂದೇ ಮಾದರಿಯನ್ನು ಬೇರೆ ಬೇರೆ ಟ್ಯೂಬುಗಳಲ್ಲಿ ಮತ್ತೆ ಮತ್ತೆ ಓಡಿಸುತ್ತೇನೆ. ವೈ ಎರಡು ಸಲ ಕಂಡರೆ ಗಂಡು. ಹೆಣ್ಣು ಎನ್ನಲು ಇನ್ನೂ ಜಾಸ್ತಿ ಸಲ ಬರೀ ಎಕ್ಸ್ ಬರಬೇಕು. ಉಳಿದದ್ದಕ್ಕೆಲ್ಲ ‘ತಿಳಿದಿಲ್ಲ’ ಎಂದೇ ಬರೆಯುತ್ತೇನೆ. ವೈ ಜಾರಿದ ಗಂಡುಗಳನ್ನೆಲ್ಲ ಹೆಣ್ಣಿನ ಲೆಕ್ಕಕ್ಕೆ ಸೇರಿಸಿದರೆ, ಆ ಕಾಡಿನಲ್ಲಿ ಇಲ್ಲದ ತಾಯಂದಿರು ವರದಿಯಲ್ಲಿ ಇರುತ್ತಾರೆ.