ಜೋಳಿಗೆಗೆ ಬಿದ್ದ ಚೀಟಿಗಳು

ಇಳಕಲ್ ಸುತ್ತಮುತ್ತ ಆಗಸ್ಟ್ 1 ಬಂತೆಂದರೆ ಶಾಲೆಗಳಲ್ಲಿ ಪ್ರಮಾಣ ವಚನ ಇದ್ದೇ ಇರುತ್ತದೆ. ಇಲ್ಲಿಯ ಮಠದ ಮಹಾಂತ ಶಿವಯೋಗಿಗಳು ಹುಟ್ಟಿದ ದಿನ ಅದು. ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳು ಕಡಿ ಕೇಳದೆ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು ಅವರು. ಸರ್ಕಾರ ಆ ದಿನವನ್ನು ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ನಾನು ಈ ಭಾಗದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಕೆಲವು ವರ್ಷದ ಹಿಂದೆ ನಾನೇ ಮೈಕ್ ಹಿಡಿದು ಪ್ರಮಾಣ ಹೇಳಿಕೊಡುತ್ತಿದ್ದೆ. ಸಾಲಾಗಿ ಮುಂದೆ ಚಾಚಿದ ಕೈಗಳಲ್ಲಿ ಒಬ್ಬನ ಹೆಬ್ಬೆರಳಿನ ಉಗುರಿಗೆ ತಂಬಾಕಿಗೆ ಹಚ್ಚುವ ಸುಣ್ಣ ಹತ್ತಿತ್ತು.

ಪ್ರಮಾಣದಿಂದ ಕೆಲಸ ಆಗುವುದಿಲ್ಲ ಅಂತ ಅವತ್ತು ಗೊತ್ತಾಯಿತು. ಆದರೆ ಅದರ ಬದಲು ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಬಾಯಿ ಕ್ಯಾನ್ಸರಿನ ಫೋಟೋಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿದೆ. ಹೆದರಿದರೆ ಮುಟ್ಟುವುದಿಲ್ಲ ಅಂತ ನನ್ನ ಲೆಕ್ಕ. ಹಿಂದಿನ ಬೆಂಚಿನ ಹುಡುಗರು ನಕ್ಕರು. ಒಬ್ಬ ಎದ್ದು, ‘ಸರ್, ನಮ್ಮಜ್ಜಗ ಎಂಬತ್ತು ವರ್ಷ ಆತು. ದಿನಾ ತಂಬಾಕ ತಿಂತಾನ, ಏನೂ ಆಗಿಲ್ಲರಿ’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇತ್ತ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಹೊರಗೆ ಹೋದಳು. ಅವಳ ಅಪ್ಪನಿಗೆ ಅದೇ ರೋಗ, ಚಿಕಿತ್ಸೆ ನಡೆದಿತ್ತು. ನಾನು ಯಾರನ್ನೂ ಕೇಳಿರಲಿಲ್ಲ. ಆ ಫೋಟೋಗಳನ್ನು ಆಮೇಲೆ ತೆರೆದೇ ಇಲ್ಲ.

ಮರುವರ್ಷ ನನ್ನ ಹೆಂಡತಿ ಹಳೆ ಧೋತರದಲ್ಲಿ ಒಂದು ಜೋಳಿಗೆ ಹೊಲಿದು ಕೊಟ್ಟಳು. ಅದನ್ನು ತರಗತಿಯ ಬಾಗಿಲಿಗೆ ತೂಗು ಹಾಕಿ, ‘ಇದರಾಗ ಪ್ರಶ್ನೆ ಹಾಕ್ರಿ, ಹೆಸರು ಬರೀಬ್ಯಾಡ್ರಿ’ ಅಂದೆ. ಮೊದಲ ಮೂರು ದಿನ ಚಾಕಲೇಟ್ ಕಾಗದ ಬಿದ್ದವು. ನಾಲ್ಕನೇ ದಿನದಿಂದ ಚೀಟಿ ಶುರುವಾದವು. ‘ಬರೀ ಅಡಿಕಿ ತಿಂದ್ರ ಏನಾಗತೈತಿ?’ ‘ಬಿಯರ್ ಅಂದ್ರ ದಾರು ಅಲ್ಲಂತ ಹೌದೇನು?’ ‘ನಮಗ ಹೇಳೋ ಸರ್ ಒಬ್ಬರ ಕಿಸೆದಾಗೂ ತಂಬಾಕಿನ ಪಾಕೀಟ ಇರತೈತಿ.’ ಇದನ್ನು ಸ್ಟಾಫ್ ರೂಮಿನಲ್ಲಿ ಓದಿದಾಗ ಯಾರೂ ಮಾತಾಡಲಿಲ್ಲ. ಇನ್ನೊಂದು ಚೀಟಿ ನನ್ನನ್ನು ಬಹಳ ದಿನ ಕಾಡಿತು: ‘ನಮ್ಮ ಆಯಿ ತಪಕೀರ ತಿಕ್ಕತಾಳ. ಅಂಗಡಿಯಿಂದ ತರಾಕಿ ನಾನ. ನನ್ನ ತಪ್ಪು ಐತೇನು?’ ತಪಕೀರ ಅಂದರೆ ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿ.

ಚೀಟಿಗಳನ್ನು ಹರಡಿಕೊಂಡು ಕೂತಾಗ ಒಂದು ವಿಷಯ ಸ್ಪಷ್ಟವಾಯಿತು. ಕೆಟ್ಟದ್ದು ಅನ್ನುವುದು ಈ ಮಕ್ಕಳಿಗೆ ಚೆನ್ನಾಗಿಯೇ ಗೊತ್ತು. ಕೊಡಲು ಬಂದವನ ಮುಂದೆ, ತರಲು ಕಳಿಸುವವರ ಮುಂದೆ ಏನು ಹೇಳಬೇಕು ಅನ್ನುವುದು ಗೊತ್ತಿಲ್ಲ. ಅದನ್ನು ನಾವು ಕಲಿಸಿಯೇ ಇಲ್ಲ.

ಹಾಗಾಗಿ ಶನಿವಾರ ನಾಟಕ ಶುರು ಮಾಡಿದೆವು. ನಾನು ಪುಸಲಾಯಿಸುವ ಗೆಳೆಯ, ಅವರು ಒಲ್ಲೆ ಅನ್ನುವವರು. ‘ತಗೋಲೇ, ಒಮ್ಮೆ ತಿಂದ್ರ ಏನಾಗತೈತಿ, ಗಂಡಸು ಹೌದಲ್ಲೋ ನೀ?’ ಮೊದಲ ದಿನ ಎಲ್ಲರದೂ ಪಾಠದ ಉತ್ತರವೇ: ‘ಗೆಳೆಯಾ, ತಂಬಾಕು ಆರೋಗ್ಯಕ್ಕೆ ಹಾನಿಕರ.’ ಬಸ್‌ಸ್ಟ್ಯಾಂಡಿನಲ್ಲಿ ಹೀಗಂದರೆ ನಗುತ್ತಾರೆ, ಅಲ್ವಾ? ನಾಲ್ಕು ವಾರ ಆದ ಮೇಲೆ ನಿಜವಾದ ಮಾತು ಬಂದವು. ಕಬಡ್ಡಿ ಆಡುವ ಹುಡುಗ, ‘ಒಲ್ಯೋ, ದಮ್ ಕಟ್ಟಬೇಕು ನಾ’ ಅಂದ. ಇನ್ನೊಬ್ಬ ಏನೂ ಅನ್ನಲಿಲ್ಲ. ಸುಮ್ನೆ ಸೈಕಲ್ ಹತ್ತಿ ಹೋದಂತೆ ನಟಿಸಿದ. ಅದೂ ಒಂದು ಉತ್ತರವೇ. ಕಾಕಾ ದುಡ್ಡು ಕೊಟ್ಟು ಅಂಗಡಿಗೆ ಕಳಿಸಿದರೆ ಏನನ್ನಬೇಕು ಅನ್ನುವುದಕ್ಕೆ ಹುಡುಗಿಯರೇ ದಾರಿ ಹುಡುಕಿದರು: ‘ಸಣ್ಣವರಿಗೆ ಕೊಡಂಗಿಲ್ಲಂತ ಕಾಕಾ, ನೀವ ಹೋಗ್ರಿ.’ ಇದು ಸುಳ್ಳೂ ಅಲ್ಲ. 2003ರ ಕೇಂದ್ರ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ನಮ್ಮ ರಾಜ್ಯ ಈಗ ಅದನ್ನು 21ಕ್ಕೆ ಏರಿಸಿದೆ.

ಅಡಿಕೆಯ ಚೀಟಿಗೆ ಉತ್ತರವಾಗಿ ಮೂರು ಬೆರಳಿನ ಪರೀಕ್ಷೆ ಮಾಡಿಸಿದೆ. ತೋರುಬೆರಳು, ನಡುಬೆರಳು, ಉಂಗುರ ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಹಲ್ಲುಗಳ ನಡುವೆ ಇಡಬೇಕು. ಆರೋಗ್ಯದ ಬಾಯಿಯಲ್ಲಿ ಮೂರೂ ಹಿಡಿಯುತ್ತವೆ. ತಂಬಾಕು ಇಲ್ಲದಿದ್ದರೂ ಅಡಿಕೆಯಿಂದಲೇ ಕೆನ್ನೆಯ ಒಳಗೋಡೆ ಬಿಗಿಯಾಗಿ ಬಾಯಿ ತೆರೆಯದಂತಾಗುತ್ತದೆ, ಮುಂದೆ ಅದು ಕ್ಯಾನ್ಸರಿಗೂ ತಿರುಗಬಹುದು ಅಂತ ಹೇಳಿದೆ. ಎಲ್ಲರೂ ನಗುತ್ತ ಬೆರಳಿಟ್ಟರು. ಮೂರನೇ ಬೆಂಚಿನವನು ಮಾತ್ರ ಕೈಯಿಂದ ಬಾಯಿ ಮುಚ್ಚಿಕೊಂಡ. ಸಂಜೆ ಗೇಟಿನ ಹತ್ತಿರ ಕಾದಿದ್ದು, ‘ಸರ್, ನಂದು ಎರಡ ಹಿಡಿತಾವು. ಖಾರ ತಿಂದ್ರ ಬಾಯಿ ಉರಿತೈತಿ’ ಅಂದ. ಹತ್ತನೇ ತರಗತಿ ಹುಡುಗ! ಅವನ ಅಪ್ಪ ಗ್ರಾನೈಟ್ ಕಲ್ಲಿನ ಕ್ವಾರಿಗೆ ಹೋಗುವವರು. ಬೈಯಬ್ಯಾಡ್ರಿ ಅಂತ ಮೊದಲೇ ಮಾತು ತಗೊಂಡು, ಇಬ್ಬರನ್ನೂ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೆ. ಹುಡುಗ ಎರಡು ಸಲ ಬಿಟ್ಟು ಮತ್ತೆ ಶುರು ಮಾಡಿದ, ಮೂರನೇ ಸಲಕ್ಕೆ ಬಿಟ್ಟ. ಈಗ ಆ ಪರೀಕ್ಷೆಯನ್ನು ಮನೆಯಲ್ಲಿ ಕನ್ನಡಿ ಮುಂದೆ ಮಾಡಿಕೊಳ್ಳಲು ಹೇಳುತ್ತೇನೆ. ತಂಬಾಕು ಬಿಡಲು ಸಹಾಯ ಮಾಡುವ 1800-11-2356 ಮತ್ತು ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್‌ನ 14416, ಎರಡೂ ಉಚಿತ ನಂಬರುಗಳು ಹಲಗೆಯ ಮೂಲೆಯಲ್ಲಿ ವರ್ಷವಿಡೀ ಇರುತ್ತವೆ.

ಗಣಿತದ ಮೇಡಂ ಒಂದು ಲೆಕ್ಕ ಮಾಡಿಸಿದರು. ಪಾಕೀಟಿಗೆ 10 ರೂಪಾಯಿ ಹಿಡಿದರೆ ದಿನಕ್ಕೆ ನಾಲ್ಕು, ವರ್ಷಕ್ಕೆ 14,600. ಮನೆಯಲ್ಲಿ ಮಗ್ಗವಿರುವ ಹುಡುಗಿ ತಕ್ಷಣ ಅದನ್ನು ಸೀರೆಯ ಲೆಕ್ಕಕ್ಕೆ ತಂದಳು. ಕ್ಯಾನ್ಸರಿನ ಫೋಟೋಗಿಂತ ಇದು ಜಾಸ್ತಿ ನಾಟಿತು.

ಗಾಂಜಾ, ನಶೆಗೆ ಮೂಸುವ ಪಂಕ್ಚರ್ ಸಲ್ಯೂಷನ್, ನಶೆಯ ಮಾತ್ರೆಗಳ ಬಗ್ಗೆ ಚೀಟಿ ಬಂದರೆ ಉತ್ತರಿಸುತ್ತೇನೆ, ನಾನಾಗಿ ಹೆಸರು ಪಟ್ಟಿ ಮಾಡಿ ಚಿತ್ರ ತೋರಿಸುವುದಿಲ್ಲ. ಗೊತ್ತಿಲ್ಲದ ಹುಡುಗನಿಗೆ ಅದು ಪರಿಚಯ ಮಾಡಿಕೊಟ್ಟಂತೆ.

ಅಂಗಡಿಯ ಕತೆ ಅರ್ಧಕ್ಕೇ ನಿಂತಿದೆ. ಶಾಲೆಯಿಂದ 100 ಮೀಟರಿನೊಳಗೆ ತಂಬಾಕು ಮಾರುವಂತಿಲ್ಲ. ಪಿಟಿ ಮಾಸ್ತರರ ಟೇಪ್ ಹಿಡಿದು ಮಕ್ಕಳೇ ಅಳೆದರು. ನಮ್ಮ ಗೇಟಿನಿಂದ ಪಾನ್ ಡಬ್ಬಿ ಅಂಗಡಿ 60 ಮೀಟರ್ ಕೂಡ ಇಲ್ಲ. ಅಂಗಡಿಯಾತ ಎರಡು ತಿಂಗಳು ಪಾಕೀಟಿನ ಸರಗಳನ್ನು ಒಳಗಿಟ್ಟಿದ್ದ. ಈಗ ಮತ್ತೆ ಹೊರಗೆ ತೂಗುತ್ತಿವೆ. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ.

ತಪಕೀರದ ಚೀಟಿ ಬರೆದವಳು ಕೊನೆಗೆ ತಾನೇ ಬಂದು ಹೇಳಿಕೊಂಡಳು. ‘ನಾ ತರಂಗಿಲ್ಲ ಅಂದೆ ಸರ್. ಆಯಿ ಸಿಟ್ಟಾಗ್ಲಿಲ್ಲ.’ ನಾನು ಖುಷಿಯಾಗುವಷ್ಟರಲ್ಲೇ, ‘ಈಗ ನನ್ನ ತಂಗೀನ ಕಳಸ್ತಾಳ’ ಅಂದಳು. ತಂಗಿ ಏಳನೇ ತರಗತಿ. ಜೂನಿನಲ್ಲಿ ನಮ್ಮ ಶಾಲೆಗೆ ಬರುತ್ತಾಳೆ.