ತಲೆಬಿಸಿಗೆ ಒಂದೆಲಗದ ತಂಬುಳಿ: ಮಾಡುವುದು ಹೇಗೆ?

ಪರೀಕ್ಷೆ ಹತ್ತಿರ ಬಂತೆಂದರೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಕ್ಕಳ ಊಟಕ್ಕೆ ಒಂದೆಲಗದ ತಂಬುಳಿ ಬರುತ್ತದೆ. ನೆನಪಿನ ಶಕ್ತಿ ಹೆಚ್ಚಲಿ ಅಂತ. ದೊಡ್ಡವರಿಗೂ ತಲೆಬಿಸಿ ಜಾಸ್ತಿಯಾದಾಗ, ನಿದ್ದೆ ಸರಿಯಾಗಿ ಬಾರದಿದ್ದಾಗ ಇದೇ ಮದ್ದು. ಚರಕ ಸಂಹಿತೆ ಬುದ್ಧಿಗೆಂದು ಹೇಳುವ ನಾಲ್ಕು ರಸಾಯನಗಳಲ್ಲಿ, ಅಂದರೆ ಶಕ್ತಿ ತುಂಬುವ ಮದ್ದುಗಳಲ್ಲಿ, ಮೊದಲನೆಯದು ಮಂಡೂಕಪರ್ಣಿಯ ರಸ. ಅದು ಇದೇ ಒಂದೆಲಗ, ತುಳುವಿನವರ ತಿಮರೆ.

ಮೊದಲು ಸೊಪ್ಪನ್ನು ಸರಿಯಾಗಿ ಗುರುತಿಸಬೇಕು. ಪೇಟೆಯಲ್ಲಿ ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ‘ಬ್ರಾಹ್ಮಿ’ ಅಂತಲೇ ಮಾರುತ್ತಾರೆ. ಒಂದೆಲಗದ ಎಲೆ ದುಂಡಗೆ, ತೊಟ್ಟಿನ ಹತ್ತಿರ ಸೀಳಿದಂತೆ, ಅಂಚು ಸಣ್ಣ ಹಲ್ಲುಹಲ್ಲು. ತೊಟ್ಟು ಉದ್ದ. ಬಳ್ಳಿ ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ಜೋಡಿಜೋಡಿಯಾಗಿರುತ್ತದೆ. ಅನುಮಾನ ಬಂದರೆ ಕೀಳಬೇಡಿ.

ಚರಂಡಿ ಪಕ್ಕ, ಮದ್ದು ಹೊಡೆದ ಗದ್ದೆಯ ಬದುವಿನಲ್ಲಿ ಬೆಳೆದದ್ದೂ ಬೇಡ. ಹಸಿಯಾಗಿ ತಿನ್ನುವ ಸೊಪ್ಪು ಅಲ್ವಾ? ತೊಟ್ಟಿನ ಬುಡದಲ್ಲಿ ಮಣ್ಣು ಕೂತಿರುತ್ತದೆ. ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಿರಿ.

ನಾಲ್ಕು ಜನರಿಗೆ ಒಂದು ಮುಷ್ಟಿ ಸೊಪ್ಪು ಸಾಕು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿಯಿರಿ. ಘಮ ಬಂದ ಮೇಲೆ ಸೊಪ್ಪು ಹಾಕಿ, ಬಾಡಿದ ಕೂಡಲೇ ಇಳಿಸಿ. ಕೆಲವರು ಹಸಿಯಾಗಿಯೇ ರುಬ್ಬುತ್ತಾರೆ, ಆದರೆ ಬಾಡಿಸಿದರೆ ಕಹಿ ಕಡಿಮೆ, ಮಕ್ಕಳೂ ಗಲಾಟೆ ಮಾಡದೆ ತಿನ್ನುತ್ತಾರೆ. ಅರ್ಧ ಬಟ್ಟಲು ತೆಂಗಿನ ತುರಿ ಸೇರಿಸಿ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆ, ಉಪ್ಪು ಬೆರೆಸಿ. ಮಜ್ಜಿಗೆ ತೀರಾ ಹುಳಿಯಾಗಿರಬಾರದು. ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡಿ. ಮತ್ತೆ ಕುದಿಸಬೇಡಿ, ಒಡೆಯುತ್ತದೆ. ಬಿಸಿ ಅನ್ನಕ್ಕೆ ಮೊದಲ ತುತ್ತಾಗಿ ಕಲಸಿಕೊಂಡು ಉಣ್ಣಿ.

ಇದರಿಂದ ಮನಸ್ಸು ಹಗುರವಾಗುತ್ತದಾ? 2000ದಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ 40 ಆರೋಗ್ಯವಂತರಲ್ಲಿ ಕೆಲವರಿಗೆ 12 ಗ್ರಾಂ ಒಂದೆಲಗ, ಉಳಿದವರಿಗೆ ಔಷಧದ ಗುಣವಿಲ್ಲದ ಹುಸಿ ಮದ್ದು ಕೊಟ್ಟಿದ್ದರು. ಒಂದೆಲಗ ತೆಗೆದುಕೊಂಡವರು ಅರ್ಧ ಗಂಟೆ, ಒಂದು ಗಂಟೆ ಕಳೆದ ಮೇಲೆ ದೊಡ್ಡ ಸದ್ದಿಗೆ ಬೆಚ್ಚಿಬೀಳುವುದು ಕಡಿಮೆಯಾಗಿತ್ತು. ಆದರೆ ‘ಮನಸ್ಸು ಹೇಗಿದೆ’ ಎಂದು ಅವರನ್ನೇ ಕೇಳಿದಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹಾಗಾಗಿ ಖಿನ್ನತೆಗೆ ಇದೇ ಔಷಧಿ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಊಟದ ಸೊಪ್ಪಾಗಿ ಒಳ್ಳೆಯದು, ಅಷ್ಟೇ.

ಮಾತ್ರೆ, ಪುಡಿಯ ವಿಷಯದಲ್ಲಿ ಹುಷಾರು. ವಾರಗಟ್ಟಲೆ ಸೇವಿಸಿದ ಕೆಲವರಿಗೆ ಯಕೃತ್ತಿನ ತೊಂದರೆಯಾದದ್ದು ವರದಿಯಾಗಿದೆ. ಗರ್ಭಿಣಿಯರು, ಯಕೃತ್ತಿನ ಕಾಯಿಲೆ ಇರುವವರು, ನಿದ್ದೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಇದರ ಭರವಸೆಯಲ್ಲಿ ನಿಲ್ಲಿಸಲೇಬೇಡಿ. ಬೇಸರ ಎರಡು ವಾರವಾದರೂ ಬಿಡದೆ ಊಟ, ನಿದ್ದೆ, ಕೆಲಸ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸೊಪ್ಪು ಸಿಗದ ಊರಿನವರು ಬೇರಿರುವ ಒಂದು ಗೆಣ್ಣು ತಂದು ಅಗಲದ ಕುಂಡದಲ್ಲಿ ನೆಡಿ. ಅರೆನೆರಳು, ಸದಾ ತೇವವಿರುವ ಮಣ್ಣು ಇದ್ದರೆ ಸಾಕು. ಬುಡ ಬಿಟ್ಟು ಎಲೆಯನ್ನಷ್ಟೇ ಚಿವುಟಿದರೆ ಮತ್ತೆ ಚಿಗುರುತ್ತದೆ.